ಕರಿಹಲಗೆಯ ಮೇಲಿನ ಕ್ಷಮಾಪಣೆ

ನಡೆಯದೇ ಹೋದ ಸಂಗತಿಗಳಿಗೆಂದೇ ಇಂಗ್ಲಿಷಿನಲ್ಲಿ ಕ್ರಿಯಾಪದದ ಬೇರೊಂದು ರೂಪವಿದೆ ಎಂದು ಹದಿನೆಂಟು ಜನ ಕಾರ್ಖಾನೆಯ ಗಂಡಸರಿಗೆ ಕಲಿಸಲು ಹೊರಟಾಗ ಅದು ನನಗೇ ನೆಟ್ಟಗೆ ಗೊತ್ತಿರಲಿಲ್ಲ. ಸಬ್ಜಂಕ್ಟಿವ್ ಮೂಡ್ ಎಂಬುದರ ವ್ಯಾಖ್ಯೆಯನ್ನು ಬಿ.ಎಡ್. ಪರೀಕ್ಷೆಗೆ ಬಾಯಿಪಾಠ ಮಾಡಿ ಬರೆದು ಅಂಕ ತೆಗೆದುಕೊಂಡವಳು ನಾನು. ಆಮೇಲೆ ಅದರ ಗೊಡವೆಗೆ ಹೋಗಿರಲಿಲ್ಲ. ನಾಸಿಕದ ಹೆಣ್ಣುಮಕ್ಕಳ ಮರಾಠಿ ಶಾಲೆಯಲ್ಲಿ ಹತ್ತನೆಯ ಇಯತ್ತೆಯವರೆಗೂ ಅದು ಬೇಕಾಗುತ್ತಲೂ ಇರಲಿಲ್ಲ.

ಬಾಂಗ್ಲಾ ಯುದ್ಧ ಮುಗಿದ ಮರುವರ್ಷ. ನಮ್ಮವರು ಓಝರ್ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ತಂತ್ರಜ್ಞರಾಗಿದ್ದರು. ಸಾತಪುರದ ಕೈಗಾರಿಕಾ ವಸಾಹತಿನಲ್ಲಿ ತಗಡು ಒತ್ತುವ ಒಂದು ಕಾರ್ಖಾನೆಯಿತ್ತು. ಅಲ್ಲಿನ ಕೆಲಸಗಾರರು ಚಾರ್ಜ್‌ಹ್ಯಾಂಡ್, ಅಂದರೆ ಒಂದು ತಂಡದ ಮೇಲಿನವರು, ಆಗಬೇಕಾದರೆ ಇಂಗ್ಲಿಷಿನಲ್ಲಿ ಒಂದು ಪರೀಕ್ಷೆ ಬರೆಯಬೇಕಿತ್ತು. ಪ್ರತಿವರ್ಷವೂ ಒಂದು ಪತ್ರ ಬರೆಯುವ ಪ್ರಶ್ನೆ, ಪ್ರತಿವರ್ಷವೂ ಅದರಲ್ಲೇ ಎಲ್ಲರೂ ನಪಾಸು. ಬಸ್‌ಸ್ಟ್ಯಾಂಡ್ ಬಳಿ ಉಡುಪಿ ಕಡೆಯವರೊಬ್ಬರ ಹೋಟೆಲಿತ್ತು. ಅದರ ಮಾಲೀಕರು ಒಂದು ದಿನ ಕಾಫಿ ತಾವೇ ತಂದಿಟ್ಟು, ಈ ಜನಕ್ಕೆ ಭಾನುವಾರ ಮಧ್ಯಾಹ್ನ ಒಂದೆರಡು ತಾಸು ಪಾಠ ಹೇಳಿಕೊಡಬಹುದೇ ಎಂದು ಕೇಳಿದರು. ಮಹಡಿಯ ಮೇಲೆ ಜಾಗ ಅವರದು, ಚಹಾ ಅವರದು. ಶಾಲೆಯ ಶಿಕ್ಷಕಿಯರು ಹೊರಗೆ ವರ್ಗ ನಡೆಸಬಾರದೆಂಬ ನಿಯಮ ನಮ್ಮಲ್ಲಿತ್ತು. ನಾನು ಬಿಡಿಗಾಸೂ ತೆಗೆದುಕೊಳ್ಳುವವಳಲ್ಲ, ಇನ್ನು ನಿಯಮದ ಮಾತೇನು ಎಂದುಕೊಂಡು ಒಪ್ಪಿಕೊಂಡೆ.

ಬರೆಯಲು ಹಲಗೆ ಕೇಳಿದಾಗ ಅವರು ಬಾಗಿಲಲ್ಲಿ ತೂಗುಹಾಕುತ್ತಿದ್ದ ತಿಂಡಿಯ ಹಲಗೆಯನ್ನೇ ತಂದು ಕೊಟ್ಟರು. "ಹಿಂದಿನ ಬದಿ ಬರೀರಿ ಮೇಡಂ. ಎದುರಿನ ಬದಿ ಅಳಿಸಿದರೆ ವಡೆ ಉಂಟೋ ಇಲ್ಲವೋ ಗಿರಾಕಿಗೆ ಗೊತ್ತಾಗುವುದಿಲ್ಲ" ಅಂದರು. ಹಾಗೆ ನನ್ನ ವ್ಯಾಕರಣವೆಲ್ಲ ಬಟಾಟೆ ವಡೆಯ ಬೆನ್ನ ಮೇಲೆ ನಡೆಯಿತು.

ಹದಿನೆಂಟು ಜನರಲ್ಲಿ ಐವರು ಕನ್ನಡದವರು. ಅವರಲ್ಲಿ ಬಾಗಲಕೋಟೆ ಕಡೆಯ ಒಬ್ಬ ಪ್ರೆಸ್ ಸೆಟ್ಟರ್ ಇದ್ದ. ಒತ್ತುವ ಯಂತ್ರಕ್ಕೆ ಅಚ್ಚು ಕೂಡಿಸಿ, ಅಳತೆ ಸರಿಮಾಡಿ, ನಡೆಸುವವನ ಕೈಗೆ ಒಪ್ಪಿಸುವುದು ಸೆಟ್ಟರನ ಕೆಲಸ. ಮೂವತ್ತರ ಆಸುಪಾಸು, ಎರಡು ಮಕ್ಕಳ ತಂದೆ, ಕಂಪನಿಯ ಚಾಳಿನಲ್ಲಿ ಒಂದು ಖೋಲಿ. ಮಿಕ್ಕವರೆಲ್ಲ ನನ್ನನ್ನು ಮರಾಠಿಯಲ್ಲಿ ಬಾಯಿ ಎಂದು ಕರೆದರೆ ಅವನು ಮಾತ್ರ ಊರಿನ ವಾಡಿಕೆಯಂತೆ ಅಕ್ಕಾರ ಎನ್ನುತ್ತಿದ್ದ. ಪ್ರಶ್ನೆ ಕೇಳಿ ಜೀವ ಹಿಂಡುತ್ತಿದ್ದವನೂ ಅವನೊಬ್ಬನೇ.

ಮೊದಲ ದಿನ ‘ಇಫ್ ಐ ವರ್ ದ ಫೋರ್‌ಮನ್’ ಎಂದು ಬರೆದೆ. ನಾನು ಫೋರ್‌ಮನ್ ಆಗಿದ್ದರೆ ಎಂಬುದು ಅವರಿಗೆ ರುಚಿಸುವ ಮಾತೇ ಆದ್ದರಿಂದ ಎಲ್ಲರೂ ನಕ್ಕರು. ಸೆಟ್ಟರ್ ಮಾತ್ರ ಹಲಗೆಯನ್ನೇ ನೋಡುತ್ತ ಕೂತಿದ್ದ. "ಅಕ್ಕಾರ, ‘ಐ’ ಅಂದ್ರ ಒಬ್ಬಾಂವ ಅಲ್ರೀ? ಒಬ್ಬಾಂವಗ ‘ವರ್’ ಯಾಕ್ರಿ?"

ನಿಯಮ ಹಾಗಿದೆ ಎಂದೆ. ಹಾಗೆಂದ ಕೂಡಲೇ ನನಗೆ ನನ್ನ ಮೇಲೇ ಸಿಟ್ಟು ಬಂತು, ಏಕೆಂದರೆ ನನಗೆ ಕಲಿಸಿದವರೂ ಹೀಗೆಯೇ ಹೇಳಿ ಬಾಯಿ ಮುಚ್ಚಿಸಿದ್ದರು. ಆ ವಾರವೆಲ್ಲ ವ್ಯಾಕರಣದ ಪುಸ್ತಕ ಹಿಡಿದು ಕೂತೆ. ಕೊನೆಗೆ ತಿಳಿದದ್ದಿಷ್ಟು: ಅಲ್ಲಿ ಕ್ರಿಯಾಪದ ತನ್ನ ಎಂದಿನ ರೂಪ ಬಿಟ್ಟು ನಿಲ್ಲುವುದೇ ಒಂದು ಗುರುತು. ಇದು ನಿಜವಲ್ಲ, ಬರೀ ಊಹೆ, ಇಲ್ಲವೇ ಆಸೆ ಎಂದು ಕೇಳುವವನಿಗೆ ಮೊದಲೇ ತಿಳಿಸುವ ಗುರುತು. ನಮ್ಮಲ್ಲಿ ‘ಇದ್ದಿದ್ದರೆ’, ‘ಆಗಲಿ’, ‘ಬರಲಿ’ ಎನ್ನುವಾಗ ಕ್ರಿಯಾಪದದ ಬಾಲವೇ ಆ ಕೆಲಸ ಮಾಡುತ್ತದೆ. ಮರಾಠಿಯಲ್ಲಿ ‘ಅಸತಂ ತರ್’ ಮಾಡುತ್ತದೆ. ಇಂಗ್ಲಿಷಿನವರ ಹತ್ತಿರ ಬಾಲಗಳು ಕಡಿಮೆ, ಅದಕ್ಕೆ ಇದ್ದ ಅಂಗಿಯನ್ನೇ ತಿರುವಿ ತೊಡುತ್ತಾರೆ.

ಮುಂದಿನ ಭಾನುವಾರ ಇದನ್ನೇ ಎರಡು ಭಾಷೆಯಲ್ಲಿ ಹೇಳಿದೆ. ಸೆಟ್ಟರ್ "ಹಂಗಾರ ಇದು ಖಾಲಿ ಹೊಡತ ಇದ್ದಂಗ್ರಿ" ಅಂದ. ಹಾಗೆಂದರೇನು ಎಂದು ಕೇಳಿದೆ. ಹೊಸ ಅಚ್ಚು ಕೂಡಿಸಿದ ಮೇಲೆ ತಗಡು ಇಡದೆ, ಮೋಟಾರು ಬಂದ್ ಮಾಡಿ, ದೊಡ್ಡ ಚಕ್ರವನ್ನು ಕೈಯಿಂದ ತಿರುಗಿಸಿ ಪ್ರೆಸ್ಸನ್ನು ನಿಧಾನ ಕೆಳಗಿಳಿಸಿ ನೋಡುತ್ತಾರಂತೆ. ಯಂತ್ರ ಪೂರಾ ಇಳಿಯುತ್ತದೆ, ಆದರೆ ಏನೂ ಕತ್ತರಿಸುವುದಿಲ್ಲ. ಎಲ್ಲಿ ತಾಗುತ್ತದೆ, ಎಲ್ಲಿ ಬಿಡುತ್ತದೆ ಎಂದು ತಿಳಿಯುತ್ತದೆ, ಅಷ್ಟೇ. ಅವನು ಮರಾಠಿಯಲ್ಲೂ ಅದನ್ನು ಹೇಳಿದ ಕೂಡಲೇ ಹದಿನೇಳು ತಲೆಗಳು ಒಟ್ಟಿಗೆ ಆಡಿದವು. ನಾನು ವಾರವಿಡೀ ಒದ್ದಾಡಿ ಕಂಡುಕೊಂಡದ್ದಕ್ಕಿಂತ ಅದು ಎಷ್ಟೋ ಚೆನ್ನಾಗಿತ್ತು. ಅಂದಿನಿಂದ ನಮ್ಮ ವರ್ಗದಲ್ಲಿ ಸಬ್ಜಂಕ್ಟಿವ್ ಎಂಬ ಹೆಸರೇ ಹೋಯಿತು, ಎಲ್ಲರಿಗೂ ಅದು ಖಾಲಿ ಹೊಡೆತ.

ಡಿಸೆಂಬರಿನ ಹೊತ್ತಿಗೆ ಪತ್ರಕ್ಕೆ ಕೈ ಹಾಕಿದೆವು. ನಿಮ್ಮ ವಿಭಾಗದಲ್ಲಿ ಆದ ಒಂದು ನಷ್ಟದ ಬಗ್ಗೆ ಮೇಲಧಿಕಾರಿಗೆ ಪತ್ರ ಬರೆಯಿರಿ ಎಂಬುದು ಹಳೆಯ ಪ್ರಶ್ನೆಪತ್ರಿಕೆಗಳಲ್ಲಿ ಮರಳಿ ಮರಳಿ ಬರುತ್ತಿತ್ತು. ಅದಕ್ಕೊಂದು ಮಾದರಿ ಪತ್ರ ತಯಾರಿಸಿದೆ. ಕೈಗೆ ಬೇರೆ ಕಾಗದ ಸಿಗದೆ ಶಾಲೆಯ ಟಾಚಣ ವಹಿಯ ಕೊನೆಯ ಪುಟಗಳಲ್ಲಿ ಬರೆದೆ. ಟಾಚಣ ವಹಿ ಎಂದರೆ ನಾಳೆ ಯಾವ ಪಾಠ, ಹೇಗೆ ಎಂದು ಶಿಕ್ಷಕರು ಮುಂಚಿತವಾಗಿ ಬರೆದಿಡುವ ಪುಸ್ತಕ. ವಾರಕ್ಕೊಮ್ಮೆ ಮುಖ್ಯೋಪಾಧ್ಯಾಯಿನಿ ಅದರ ಮೇಲೆ ಸಹಿ ಹಾಕಿ ಮೊಹರು ಒತ್ತುತ್ತಾರೆ. ಪುಟಗಳಿಗೆಲ್ಲ ಸಂಖ್ಯೆ ಇರುವುದರಿಂದ ಹರಿಯುವಂತಿಲ್ಲ.

ನಮ್ಮ ಕಡೆಯ ಕಾಗದಗಳು ಹೇಗೆ ಮುಗಿಯುತ್ತವೆಂಬುದು ಎಲ್ಲರಿಗೂ ಗೊತ್ತು. ಜೋಳದ ಧಾರಣೆ ಕೇಳಿ ಬರೆದ ಕಾಗದಕ್ಕೂ ಕೊನೆಯಲ್ಲಿ ‘ತಪ್ಪಿದ್ದರೆ ಕ್ಷಮಿಸಬೇಕು’ ಎಂದು ಇರಲೇಬೇಕು. ಬರೆದವನಿಗೆ ತಾನು ತಪ್ಪು ಮಾಡಿದೆನೆಂದೇನೂ ಇರುವುದಿಲ್ಲ, ಅದು ಹಿರಿಯರೆದುರು ತಲೆಬಾಗುವ ರೀತಿ. ನಾನು ಪತ್ರದ ಮೂರನೆಯ ಪ್ಯಾರಾದಲ್ಲಿ ಅದನ್ನೇ ಇಂಗ್ಲಿಷಿಗೆ ಇಳಿಸಿದೆ. ಹ್ಯಾಡ್ ಐ ಬೀನ್ ಮೋರ್ ಕೇರ್‌ಫುಲ್, ನಾನು ಇನ್ನೂ ಎಚ್ಚರದಿಂದ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ. ಐ ಪ್ರೇ ದಟ್ ಐ ಬಿ ಎಕ್ಸ್‌ಕ್ಯೂಸ್ಡ್, ನನ್ನನ್ನು ಕ್ಷಮಿಸಲಿ ಎಂದು ಬೇಡುತ್ತೇನೆ. ಒಂದೇ ಪ್ಯಾರಾದಲ್ಲಿ ಎರಡು ಖಾಲಿ ಹೊಡೆತ ಹೇಗೆ ಕೂಡಿಸಿದೆ ನೋಡಿರಿ ಎಂದು ಒಳಗೊಳಗೇ ಬೀಗಿದೆನೆಂದೂ ಇಲ್ಲಿ ಹೇಳಿಬಿಡುತ್ತೇನೆ. ಸೆಟ್ಟರನಿಗಂತೂ ಭಾರಿ ಖುಷಿ. ನಮ್ಮೂರ ಕಾಗದವೇ ಪ್ಯಾಂಟು ಹಾಕಿಕೊಂಡು ಬಂದಿದೆ ಎಂದ. ಎಲ್ಲರೂ ಬರೆದುಕೊಂಡರು, ನಾಲ್ಕು ಭಾನುವಾರ ಗಟ್ಟಿಯಾಗಿ ಓದಿ ಬಾಯಿಪಾಠ ಮಾಡಿದರು. ಅರ್ಥವಾಗದಿದ್ದರೆ ಬಾಯಿಪಾಠ ಮಾಡಿ, ಪರೀಕ್ಷೆಯಲ್ಲಿ ಹಾಗೇ ಇಳಿಸಿ ಎಂದು ಹೇಳಿದವಳೂ ನಾನೇ.

ಫೆಬ್ರವರಿಯಲ್ಲಿ ಅವರ ಕಾರ್ಖಾನೆಯಲ್ಲಿ ಅಪಘಾತವಾಯಿತು. ಪ್ರೆಸ್ ನಡೆಸುತ್ತಿದ್ದ ಹಿರಿಯ ಕೆಲಸಗಾರರೊಬ್ಬರ ಬಲಗೈಯ ನಾಲ್ಕು ಬೆರಳು ಹೋದವು. ಚಾಂದವಡ್ ಹತ್ತಿರದ ಹಳ್ಳಿಯವರು, ಐವತ್ತು ದಾಟಿತ್ತು, ಎಲ್ಲರೂ ಕಾಕಾ ಎನ್ನುತ್ತಿದ್ದರು. ಕೈ ಒಳಗೆ ಹೋಗದಂತೆ ಪ್ರೆಸ್ಸಿನ ಮುಂದೆ ಒಂದು ಕಬ್ಬಿಣದ ಜಾಲರಿ ಇರುತ್ತದೆ, ಅದಕ್ಕೆ ಗಾರ್ಡ್ ಎನ್ನುತ್ತಾರೆ. ಅವತ್ತು ಅದು ಇರಲಿಲ್ಲ. ಹೊಸ ಅಚ್ಚು ದೊಡ್ಡದು, ಗಾರ್ಡ್ ಇದ್ದರೆ ಕೂಡುತ್ತಿರಲಿಲ್ಲ. ಫೋರ್‌ಮನ್ ಬಾಯಿಮಾತಿನಲ್ಲಿ ತೆಗೆ ಎಂದ, ಸೆಟ್ಟರ್ ನಟ್ಟು ಬಿಚ್ಚುವ ಪಾನಾ ಹಿಡಿದು ತೆಗೆದ. ನಾಲ್ಕು ಪೀಸು ಪರೀಕ್ಷೆಗೆಂದು ಒತ್ತಿ ಗಾರ್ಡಿಗೆ ಬೇರೆ ಪಟ್ಟಿ ಬೆಸೆದು ಮತ್ತೆ ಹಾಕುವುದು ಎಂದಿತ್ತು. ನಾಲ್ಕು ಹೋಗಿ ನಾನೂರಾಯಿತು, ಮೂರನೆಯ ದಿನ ಕಾಕಾನ ಕೈ ಸಿಕ್ಕಿಕೊಂಡಿತು.

ಮರುದಿನವೇ ಸೆಟ್ಟರನಿಗೆ ಕಾರಣ ಕೇಳಿ ನೋಟೀಸು ಬಂತು, ಇಂಗ್ಲಿಷಿನಲ್ಲಿ, ಎರಡು ದಿನದೊಳಗೆ ಉತ್ತರಿಸಬೇಕೆಂದು. ಮರಾಠಿಯಲ್ಲಿ ಉತ್ತರ ಕೊಟ್ಟರೂ ನಡೆಯುತ್ತಿತ್ತು. ಯೂನಿಯನ್ನಿನವರನ್ನು ಕೇಳಬಹುದಿತ್ತು, ನನ್ನ ಮನೆಗೆ ಬರಬಹುದಿತ್ತು. ಅವನು ಯಾವುದನ್ನೂ ಮಾಡಲಿಲ್ಲ. ಹತ್ತು ದಿನದ ಮೇಲೆ ನಮ್ಮ ಬಾಗಿಲಿಗೆ ಬಂದಾಗ ಕೈಯಲ್ಲಿದ್ದದ್ದು ಆರೋಪ ಪಟ್ಟಿ. ಯಾರ ಆದೇಶವೂ ಇಲ್ಲದೆ ಗಾರ್ಡ್ ತೆಗೆದದ್ದು ಒಂದು, ಅದನ್ನು ಲಿಖಿತವಾಗಿ ಒಪ್ಪಿಕೊಂಡದ್ದು ಇನ್ನೊಂದು. ಒಪ್ಪಿಕೊಂಡದ್ದಕ್ಕೆ ಸಾಕ್ಷಿಯಾಗಿ ಅವನ ಉತ್ತರದ ಮೂರನೆಯ ಪ್ಯಾರಾವನ್ನು ಅಕ್ಷರ ಬಿಡದೆ ಇಳಿಸಿದ್ದರು. ಅದು ನನ್ನದೇ ಪ್ಯಾರಾ. ಆರೋಪ ಸಾಬೀತಾದರೆ ವಜಾ ಎಂದು ಕೊನೆಯಲ್ಲಿತ್ತು. ವಜಾ ಆದರೆ ಖೋಲಿಯೂ ಹೋಗುತ್ತದೆ ಎಂದು ಅವನು ಹೇಳಿದ.

"ಬರದ ಮ್ಯಾಲೆ ನನಗ ಯಾಕ ತೋರಸಲಿಲ್ಲ?" ಎಂದು ಕೇಳಿದೆ.

"ಪಾಸ್ ಆಗೇನಿ ಅಂತ ತಿಳದಿದ್ದೆರಿ" ಅಂದ.

ಅವನ ಮೇಲೆ ಸಿಟ್ಟು ಮಾಡುವುದಕ್ಕೂ ಆಗಲಿಲ್ಲ. ವಿಚಾರಣೆ ಕಂಪನಿಯ ದೊಡ್ಡ ಕಚೇರಿಯಲ್ಲಿ, ಔರಂಗಾಬಾದಿನಲ್ಲಿ, ಅಂದರೆ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ, ಮೂರು ವಾರಗಳ ನಂತರ. ತನ್ನ ಪರವಾಗಿ ಸಾಕ್ಷಿ ಕರೆತರಲು ಅವನಿಗೆ ಅವಕಾಶವಿತ್ತು. ಫೋರ್‌ಮನ್ ತೆಗೆ ಎಂದದ್ದನ್ನು ಕೇಳಿದ ಮೂವರು ನನ್ನ ವರ್ಗದಲ್ಲೇ ಇದ್ದರು. ಒಬ್ಬರೂ ಬಾಯಿ ಬಿಡಲು ತಯಾರಿರಲಿಲ್ಲ. ಅವರಿಗೂ ಮಕ್ಕಳುಮರಿ ಇದ್ದವು, ನಾನು ಒತ್ತಾಯಿಸಲಿಲ್ಲ. ಹಾಗಾದರೆ ಆ ಪ್ಯಾರಾ ಹಲಗೆಯಿಂದ ಬಂದದ್ದೆಂದು ತೋರಿಸುವುದೊಂದೇ ದಾರಿ. ಹದಿನೆಂಟು ವಹಿಗಳಲ್ಲಿ ಅದೇ ಸಾಲು ಅದೇ ಪದಗಳಲ್ಲಿ ಇದ್ದರೆ ಯಾವ ಅಧಿಕಾರಿಯೂ ಅದನ್ನು ತಪ್ಪೊಪ್ಪಿಗೆ ಎನ್ನಲಾರ. ಮುಂದಿನ ಭಾನುವಾರ ಎಲ್ಲರ ವಹಿ ಕೇಳಿದೆ.

ಹದಿನಾಲ್ಕು ವಹಿ ಬಂದವು. ಮನೆಗೆ ತಂದು ಬಿಚ್ಚಿ ನೋಡಿದರೆ ಒಂದಕ್ಕೂ ರಟ್ಟಿರಲಿಲ್ಲ, ಮೊದಲ ಪುಟವೂ ಇರಲಿಲ್ಲ. ಹೆಸರು, ವಿಭಾಗ, ಟೋಕನ್ ನಂಬರು ಇದ್ದದ್ದನ್ನೆಲ್ಲ ಹರಿದು ಕೊಟ್ಟಿದ್ದರು. ಒಬ್ಬನಂತೂ ತನ್ನ ಅಕ್ಷರ ಗುರುತು ಹತ್ತೀತೆಂದು ಹೆಂಡತಿಯಿಂದ ಹೊಸದಾಗಿ ಬರೆಸಿ ತಂದಿದ್ದ. ನಮ್ಮವರು ಆ ರಾಶಿಯನ್ನು ನೋಡಿ, ಹೆಸರಿಲ್ಲದ ವಹಿ ಯಾರು ಬೇಕಾದರೂ ನಿನ್ನೆ ಕೂತು ಬರೆದದ್ದಿರಬಹುದಲ್ಲ ಅಂದರು. ಅವರ ಮಾತು ಸರಿಯಾಗಿತ್ತು.

ಹೆಸರು, ತಾರೀಖು, ಸಹಿ, ಮೊಹರು ಎಲ್ಲ ಇದ್ದ ಪುಸ್ತಕ ಒಂದೇ ಒಂದಿತ್ತು, ನನ್ನ ಟಾಚಣ ವಹಿ. ಪತ್ರದ ಹಿಂದಿನ ಪುಟದಲ್ಲೂ ಮುಂದಿನ ಪುಟದಲ್ಲೂ ಡಿಸೆಂಬರಿನ ಸಹಿಗಳಿದ್ದವು. ಅದನ್ನು ಮೇಜಿನ ಮೇಲಿಟ್ಟರೆ ಅಪಘಾತಕ್ಕೆ ಎರಡು ತಿಂಗಳ ಮೊದಲೇ ಪತ್ರ ಇತ್ತೆಂದು ಸಾಬೀತಾಗುತ್ತದೆ. ಅದರ ಜೊತೆಗೇ, ಶಾಲೆಯ ಪುಸ್ತಕ ಇಟ್ಟುಕೊಂಡು ನಾನು ಹೊರಗೆ ವರ್ಗ ನಡೆಸಿದ್ದೂ ಸಾಬೀತಾಗುತ್ತದೆ. ನಾಲ್ಕು ದಿನ ಆ ವಹಿಯನ್ನು ಚೀಲಕ್ಕೆ ಹಾಕುವುದು, ತೆಗೆಯುವುದು ಮಾಡಿದೆ. ನಿನ್ನ ನೌಕರಿಗೆ ಏನಾದರೂ ಆದರೆ ನಾನಿದ್ದೇನೆ, ಆದರೆ ಆಮೇಲೆ ಅಳಬೇಡ ಎಂದರು ನಮ್ಮವರು. ಐದನೆಯ ದಿನ ಚೀಲಕ್ಕೆ ಹಾಕಿದ್ದನ್ನು ತೆಗೆಯಲಿಲ್ಲ.

ಬೆಳಗಿನ ಬಸ್ಸಿನಲ್ಲಿ ಸೆಟ್ಟರ್ ಮತ್ತು ನಾನು ಹೊರಟೆವು. ಚಾಂದವಡ್‌ನಲ್ಲಿ ಕಾಕಾ ಹತ್ತಿದರು. ಅವರಿಗೂ ಹಾಜರಾಗಲು ಕಾಗದ ಹೋಗಿತ್ತು. ಬಲಗೈಗೆ ಬಿಳಿ ಪಟ್ಟಿ, ತಲೆಗೆ ಒಗೆದ ಟೋಪಿ. ಸೆಟ್ಟರ್ ಎದ್ದು ತನ್ನ ಪಕ್ಕದ ಕಿಟಕಿ ಸೀಟಿನಲ್ಲಿ ಅವರನ್ನು ಕೂರಿಸಿದ. ಮನಮಾಡ್ ದಾಟಿದ ಮೇಲೆ ಕಾಕಾ ಚೀಲದಿಂದ ಹುರಿದ ಶೇಂಗಾ ತೆಗೆದು, ಒಂದು ಕೈಯಲ್ಲಿ ಸುಲಿಯಲಾಗದೆ ಹಲ್ಲಿನಿಂದ ಕಚ್ಚತೊಡಗಿದರು. ಸೆಟ್ಟರ್ ಪೊಟ್ಟಣವನ್ನು ತನ್ನ ತೊಡೆಯ ಮೇಲೆ ಎಳೆದುಕೊಂಡು ಒಂದೊಂದೇ ಸುಲಿದು ಅವರ ಎಡ ಅಂಗೈಗೆ ಹಾಕತೊಡಗಿದ. ಯೇವಲಾ ದಾಟಿ ಎಷ್ಟೋ ದೂರದ ತನಕ ಇದು ನಡೆಯಿತು. ನಾನು ಹಿಂದಿನ ಸೀಟಿನಲ್ಲಿ ಕೂತು, ಸಾಕ್ಷಿ ಹೇಳುವಾಗ ಯಾವ ಪದ ಬಳಸಬೇಕೆಂದು ಮನಸ್ಸಿನಲ್ಲೇ ಉರುಹೊಡೆಯುತ್ತಿದ್ದೆ.

ಔರಂಗಾಬಾದಿನ ಹೊರವಲಯದ ಚಿಕಲಠಾಣಾದಲ್ಲಿದ್ದ ಆ ಕಚೇರಿಯ ಕೋಣೆಯಲ್ಲಿ ಒಂದು ಉದ್ದನೆಯ ಮೇಜು. ವಿಚಾರಣಾಧಿಕಾರಿ ಹೊರಗಿನ ವಕೀಲರು, ವಯಸ್ಸಾದವರು, ಸೌಮ್ಯ ಮಾತು. ಅವರ ಬಲಕ್ಕೆ ಆಡಳಿತದ ಪರ ಅಧಿಕಾರಿ, ಎಡಕ್ಕೆ ಬೆರಳಚ್ಚುಗಾರ. ಎದುರು ಸೆಟ್ಟರ್, ಸ್ವಲ್ಪ ದೂರದ ಬೆಂಚಿನಲ್ಲಿ ಕಾಕಾ. ಹೇಳಿದ್ದೆಲ್ಲ ಇಂಗ್ಲಿಷಿನಲ್ಲಿ ದಾಖಲಾಗುತ್ತಿತ್ತು, ಕಾರ್ಮಿಕರಿಗೆ ತಿಳಿಯಲೆಂದು ಒಬ್ಬ ಗುಮಾಸ್ತ ಮರಾಠಿಯಲ್ಲಿ ಹೇಳುತ್ತಿದ್ದ.

ಮೊದಲು ಫೋರ್‌ಮನ್ನನ ಹೇಳಿಕೆ ಓದಿದರು. ತಾನು ಅಂಥ ಮಾತು ಹೇಳಿಯೇ ಇಲ್ಲ ಎಂದಿತ್ತು. ಆಮೇಲೆ ಸೆಟ್ಟರನ ಉತ್ತರ ಓದಿದರು. ಮೂರನೆಯ ಪ್ಯಾರಾವನ್ನು ಗುಮಾಸ್ತ ನಿಧಾನವಾಗಿ ಮರಾಠಿಗೆ ತಂದ. ನಾನು ಇನ್ನೂ ಎಚ್ಚರದಿಂದ ಇದ್ದಿದ್ದರೆ ಇದು ನಡೆಯುತ್ತಿರಲಿಲ್ಲ, ನನ್ನನ್ನು ಕ್ಷಮಿಸಲಿ. ಬೆಂಚಿನ ಮೇಲೆ ಕಾಕಾ ತಲೆ ಎತ್ತಿ ಸೆಟ್ಟರನನ್ನು ನೋಡಿದರು. ನೋಡಿ ಒಂದು ಸಲ ತಲೆಯಾಡಿಸಿದರು. ಆ ತಲೆಯಾಟ ನನಗೆ ಕಂಡಿತು. ಕಾಕಾ ಕೂಡ ಇದನ್ನು ತಪ್ಪೊಪ್ಪಿಗೆ ಎಂದೇ ಹಿಡಿದರು, ಕೆಲಸ ಕೆಟ್ಟಿತು ಎಂದುಕೊಂಡೆ. ಆ ಕ್ಷಣದಲ್ಲಿ ನನಗೆ ತೋಚಿದ್ದು ಅಷ್ಟೇ.

ನನ್ನ ಸರದಿ ಬಂದಾಗ ಟಾಚಣ ವಹಿ ತೆರೆದಿಟ್ಟೆ. ಅಧಿಕಾರಿ ಸಹಿಗಳ ತಾರೀಖು ನೋಡಿದರು, ಪುಟಸಂಖ್ಯೆ ನೋಡಿದರು, ಎರಡೂ ಪ್ಯಾರಾಗಳನ್ನು ಅಕ್ಕಪಕ್ಕ ಇಟ್ಟು ಬೆರಳು ಓಡಿಸಿದರು. ಹೆಸರಿಲ್ಲದ ಹದಿನಾಲ್ಕು ವಹಿಗಳನ್ನು ಬದಿಗೆ ಸರಿಸಿ, ಇದೊಂದು ಸಾಕು ಎಂದರು. ಆಡಳಿತದ ಪರ ಅಧಿಕಾರಿ ಮೊಹರಿನಲ್ಲಿದ್ದ ಶಾಲೆಯ ಹೆಸರನ್ನು ಬರೆದುಕೊಂಡದ್ದೂ ಕಂಡಿತು. ನಾನು ಮಾದರಿ ಪತ್ರದ ಬಗ್ಗೆ, ನಮ್ಮ ಕಡೆಯ ಕಾಗದಗಳ ವಾಡಿಕೆಯ ಬಗ್ಗೆ, ಬಾಯಿಪಾಠದ ಬಗ್ಗೆ ಹೇಳಿದೆ. ಎಲ್ಲ ನಿಜ, ಎಲ್ಲ ಚೆನ್ನಾಗಿ ನಡೆಯಿತು. ಅಲ್ಲಿಗೇ ನಿಲ್ಲಿಸಬಹುದಿತ್ತು.

ಆಗ ಅವರು ಇನ್ನೊಂದು ಪ್ರಶ್ನೆ ಕೇಳಿದರು. ಹಾಗಾದರೆ ಈ ಮಾತು ಈ ಮನುಷ್ಯನ ಮನಸ್ಸಿನ ಮಾತಲ್ಲ ಎಂದು ನೀವು ಹೇಳುತ್ತೀರಾ?

ನನಗೆ ಗೊತ್ತಿಲ್ಲ ಎನ್ನುವುದು ಅದಕ್ಕಿದ್ದ ನೇರ ಉತ್ತರ. ಅವನನ್ನೇ ಕೇಳಿ ಎನ್ನಬಹುದಿತ್ತು. ನಾನು ಒಂದು ಗಳಿಗೆ ಸೆಟ್ಟರನ ಕಡೆ ನೋಡಿದೆ. ಅವನು ಮೇಜಿನ ಅಂಚು ನೋಡುತ್ತಿದ್ದ. ಅವನ ಖೋಲಿ, ಅವನ ಎರಡು ಮಕ್ಕಳು ಕಣ್ಣ ಮುಂದೆ ಬಂದವು. ಅಲ್ಲ ಸರ್, ಅದು ಬರೀ ಶಿಷ್ಟಾಚಾರ ಎಂದೆ. ಸಾಲದ್ದಕ್ಕೆ ಮೇಷ್ಟ್ರ ಬುದ್ಧಿ ಸುಮ್ಮನಿರಲಿಲ್ಲ. ವ್ಯಾಕರಣದಲ್ಲಿ ಈ ರೂಪಕ್ಕೆ ನಡೆದ ಸಂಗತಿಯನ್ನು ಒಪ್ಪಿಕೊಳ್ಳುವ ಕೆಲಸವಿಲ್ಲ, ಪ್ರೆಸ್ಸಿನಲ್ಲಿ ತಗಡಿಡದೆ ಮಾಡುವ ಖಾಲಿ ಹೊಡೆತದ ಹಾಗೆ, ಇಳಿಯುತ್ತದೆ, ಏನನ್ನೂ ಕತ್ತರಿಸುವುದಿಲ್ಲ ಎಂದೆ. ಅಧಿಕಾರಿ ಮೆಚ್ಚಿಕೊಂಡು ನಕ್ಕರು. ಗುಮಾಸ್ತ ಅದನ್ನೂ ಒಂದು ಪದ ಬಿಡದೆ ಮರಾಠಿಯಲ್ಲಿ ಹೇಳಿದ. ಅವನು ಹೇಳಿ ಮುಗಿಸಿದಾಗ ಕಾಕಾ ಪಟ್ಟಿ ಕಟ್ಟಿದ ಕೈಯನ್ನು ಬೆಂಚಿನ ಮೇಲಿನಿಂದ ತೆಗೆದು ತೊಡೆಯ ಮೇಲಿಟ್ಟುಕೊಂಡು ಅದರ ಮೇಲೆ ಟೋಪಿ ಮುಚ್ಚಿದರು.

ಅವರನ್ನು ಕೇಳಿದಾಗ ಅವರು ಹೇಳಿದ್ದು ಎರಡೇ ಮಾತು. ಗಾರ್ಡ್ ಇರಲಿಲ್ಲ. ಯಾರು ತೆಗೆದರೆಂದು ನಾನು ನೋಡಿಲ್ಲ. ಎಡಗೈ ಹೆಬ್ಬೆಟ್ಟಿನ ಗುರುತು ಒತ್ತಿ ಹೊರಟುಹೋದರು.

ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಕಾಕಾ ನಮಗಿಂತ ಮೊದಲೇ ಬಂದು ಡ್ರೈವರನ ಹಿಂದಿನ ಸೀಟಿನಲ್ಲಿ ಕೂತಿದ್ದರು, ಪಕ್ಕದಲ್ಲಿ ಚೀಲ ಇಟ್ಟುಕೊಂಡು. ನಾವು ಹಿಂದೆ ಹೋದೆವು. ಪಕ್ಕದಲ್ಲಿ ನಿಂತಿದ್ದ ಬಸ್ಸಿನ ಬೋರ್ಡಿನ ಮೇಲೆ ಕನ್ನಡ ಎಂದು ಬರೆದಿತ್ತು, ಆ ಕಡೆಯ ಒಂದು ತಾಲೂಕಿನ ಊರು. ಹೋಗುವಾಗ ಇಂಥದ್ದು ಕಂಡಿದ್ದರೆ ಸೆಟ್ಟರ್ ಏನಾದರೂ ತಮಾಷೆ ಮಾಡುತ್ತಿದ್ದ. ಈಗ ನೋಡಿ ಮುಖ ತಿರುಗಿಸಿದ. ನಾನೇ ಮಾತು ತೆಗೆದು, ಇನ್ನು ಚಿಂತೆಯಿಲ್ಲ, ಪತ್ರದ ಆರೋಪ ಬಿದ್ದುಹೋಯಿತು ಎಂದು ಸಮಾಧಾನ ಹೇಳಿದೆ.

ವೈಜಾಪುರ ಬಂತು. ಅವನು ಮುಂದಿನ ಸೀಟಿನ ಕಂಬಿ ಹಿಡಿದುಕೊಂಡು ಹೇಳಿದ. "ಅಕ್ಕಾರ, ಆ ಮಾತು ನಾ ನಿಮ್ಮ ಪಾಠ ನೋಡಿ ಬರದಿದ್ದು ಖರೆ. ಆದ್ರ ಸುಳ್ಳು ಬರದಿರಲಿಲ್ರಿ."

ಅವನೇ ಮುಂದುವರಿದ. ಫೋರ್‌ಮನ್ ಹೇಳಿದ್ದು ನಿಜ, ಆದರೆ ಪಾನಾ ತನ್ನ ಕೈಯಲ್ಲಿತ್ತು. ಮೂರು ದಿನ ದಿನಕ್ಕೆರಡು ಸಲ ಆ ಪ್ರೆಸ್ಸಿನ ಮುಂದೆ ಹಾದುಹೋದ, ನಾಳೆ ಹಾಕಿದರಾಯಿತು ಅಂದುಕೊಂಡ. ಕಾಕಾನಿಗೆ ಎದುರೆದುರು ಹೇಳಲು ಬಾಯಿ ಬರಲಿಲ್ಲ. ಮರಾಠಿಯಲ್ಲಿ ಅಂಥ ಮಾತು ಹೇಗೆ ಶುರು ಮಾಡಬೇಕೋ ಗೊತ್ತಾಗಲಿಲ್ಲ, ಕನ್ನಡದಲ್ಲಿ ಹೇಳಿದರೆ ಅವರಿಗೆ ತಿಳಿಯುವುದಿಲ್ಲ. ನೋಟೀಸು ಬಂದಾಗ ವಹಿ ತೆರೆದರೆ ತನ್ನ ಹೊಟ್ಟೆಯೊಳಗಿನದ್ದೇ ಅಲ್ಲಿ ಬರೆದಿಟ್ಟ ಹಾಗಿತ್ತು. "ಪರೀಕ್ಷಾಕ್ಕಂತ ಬರೀಲಿಲ್ರಿ. ಇಂಗ್ಲೀಷ್‌ನ್ಯಾಗರ ಹೇಳೀನಲ್ಲ ಅಂತ ಆವತ್ತ ಹೊಟ್ಟಿತುಂಬ ಉಂಡೆ" ಅಂದ.

ಇದನ್ನು ಅಲ್ಲಿ ಏಕೆ ಹೇಳಲಿಲ್ಲ ಎಂದು ಕೇಳಿದೆ. ನೀವು ನನಗಾಗಿ ನಿಮ್ಮ ನೌಕರಿಯನ್ನೇ ಮೇಜಿನ ಮೇಲೆ ಇಟ್ಟಿರಿ, ನಾನು ಎದ್ದು ನಿಮ್ಮ ಮಾತು ಸುಳ್ಳು ಎಂದು ಹೇಗೆ ಹೇಳಲಿ ಎಂದ. ಚಾಂದವಡ್‌ನಲ್ಲಿ ಕಾಕಾ ಹಿಂದೆ ತಿರುಗದೆ ಇಳಿದುಹೋದರು. ಅಲ್ಲಿಂದ ನಾಸಿಕದ ತನಕ ನಾನು ಕಿಟಕಿಯ ಹೊರಗೆ ನೋಡುತ್ತ ಕೂತೆ. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

ತೀರ್ಪು ಒಂದು ತಿಂಗಳ ಮೇಲೆ ಬಂತು. ಪತ್ರವನ್ನು ತಪ್ಪೊಪ್ಪಿಗೆ ಎಂದು ಪರಿಗಣಿಸಲಾಗದು, ಆದೇಶದ ಬಗ್ಗೆ ಸಾಕ್ಷ್ಯ ಸಾಲದು, ಆದ್ದರಿಂದ ವಜಾ ಮಾಡದೆ ಒಂದು ದರ್ಜೆ ಕೆಳಗಿಳಿಸಲಿ ಎಂದು ಶಿಫಾರಸು. ಆ ಕೊನೆಯ ವಾಕ್ಯವೂ ನಾನು ಕಲಿಸಿದ ರೂಪದಲ್ಲೇ ಇತ್ತು. ಅವನ ಕೆಲಸ ಉಳಿಯಿತು, ಖೋಲಿ ಉಳಿಯಿತು. ಸೆಟ್ಟರ್ ಆಗಿದ್ದವನು ಕಾಕಾನ ಅದೇ ಪ್ರೆಸ್ಸಿನ ಮುಂದೆ ನಡೆಸುವವನಾಗಿ ಕೂತ. ಫೋರ್‌ಮನ್‌ಗೆ ಏನೂ ಆಗಲಿಲ್ಲ.

ಶಾಲೆಗೂ ಕಾಗದ ಹೋಗಿತ್ತು. ಮುಖ್ಯೋಪಾಧ್ಯಾಯಿನಿ ಲಿಖಿತ ವಿವರಣೆ ಕೇಳಿದರು. ಬರೆಯಲು ಕೂತಾಗ ಪೆನ್ನು ತಾನಾಗಿಯೇ ‘ಹ್ಯಾಡ್ ಐ’ ಎಂದು ಶುರುಮಾಡಿತು. ಹೊಡೆದು ಹಾಕಿದೆ. ವರ್ಗ ನಡೆಸಿದೆ, ಶಾಲೆಯ ವಹಿಯಲ್ಲಿ ಬರೆದೆ, ಎರಡೇ ಸಾಲು. ಹತ್ತನೆಯ ಇಯತ್ತೆಯನ್ನು ನನ್ನಿಂದ ತೆಗೆದು ಐದನೆಯದನ್ನು ಕೊಟ್ಟರು. ಭಾನುವಾರದ ವರ್ಗ ನಿಂತಿತು. ಹೋಟೆಲಿನ ಹಲಗೆ ಮತ್ತೆ ಬಾಗಿಲಿಗೆ ಹೋಯಿತು. ಆ ವರ್ಷವೂ ಪತ್ರದ ಪ್ರಶ್ನೆಯಲ್ಲಿ ಹೆಚ್ಚಿನವರು ನಪಾಸಾದರು. ಹಲವರು ಮೂರನೆಯ ಪ್ಯಾರಾ ಬರೆಯಲು ಹೆದರಿದರಂತೆ.

ಮೇ ತಿಂಗಳ ರಜೆಯಲ್ಲಿ ಸೆಟ್ಟರನನ್ನು ನಾನೇ ಹುಡುಕಿಕೊಂಡು ಹೋದೆ. ಕಾಕಾನ ಊರಿಗೆ ಹೋಗೋಣ ಎಂದೆ. ಅವನು ಬೇಡವೆನ್ನಲಿಲ್ಲ. ಅವನಿಗೂ ಅದೇ ಬೇಕಿತ್ತು, ಒಬ್ಬನೇ ಹೋಗುವ ಧೈರ್ಯವಿರಲಿಲ್ಲ, ಅಷ್ಟೇ.

ಚಾಂದವಡ್‌ನಲ್ಲಿ ಇಳಿದು ಒಂದು ಹರದಾರಿ ನಡೆದೆವು. ಕಾಕಾ ಮನೆಯ ಮುಂದಿನ ಚಪ್ಪರದಲ್ಲಿ ಈರುಳ್ಳಿಯ ರಾಶಿಯೆದುರು ಕೂತಿದ್ದರು. ಪಟ್ಟಿ ಬಿಚ್ಚಿತ್ತು. ಹೆಬ್ಬೆರಳೊಂದೇ ಉಳಿದ ಕೈಯಿಂದ ಬುಟ್ಟಿಯನ್ನು ಒತ್ತಿ ಹಿಡಿದು, ಎಡಗೈಯಿಂದ ಕೊಳೆತದ್ದನ್ನು ಆರಿಸಿ ಆಚೆ ಹಾಕುತ್ತಿದ್ದರು. ನಮ್ಮನ್ನು ನೋಡಿ ಮನೆಯೊಳಗೆ ಕೂಗಿ ನೀರು ತರಿಸಿದರು. ಕೂತುಕೊಳ್ಳಿ ಎಂದರು.

ಸೆಟ್ಟರ್ ಕೂರಲಿಲ್ಲ. ದಾರಿಯುದ್ದಕ್ಕೂ ತುಟಿಯಲ್ಲೇ ಕೂಡಿಸಿಕೊಂಡು ಬಂದಿದ್ದನೆಂದು ಕಾಣುತ್ತದೆ, ನಿಂತಲ್ಲೇ ತನ್ನ ಒಡಕು ಮರಾಠಿಯಲ್ಲಿ ಹೇಳಿಬಿಟ್ಟ. "ಗಾರ್ಡ್ ಮೀ ಕಾಢಲಾ, ಕಾಕಾ. ಮಾಝ್ಯಾ ಹಾತಾನೇ." ಗಾರ್ಡ್ ತೆಗೆದವನು ನಾನು, ನನ್ನ ಕೈಯಿಂದಲೇ. ಇದ್ದಿದ್ದರೆ, ಆಗಿದ್ದರೆ ಯಾವುದೂ ಅದರಲ್ಲಿ ಇರಲಿಲ್ಲ.

ಕಾಕಾ ತಮಗೆ ಗೊತ್ತು ಎಂದರು. ಪಾನಾ ಹಿಡಿದದ್ದನ್ನು ತಾವು ಅವತ್ತೇ ನೋಡಿದ್ದಾಗಿ ಹೇಳಿದರು. ಅಲ್ಲಿ ಕಾಗದ ಓದಿದಾಗ ಇವನು ಹೇಳಿದನಲ್ಲ, ಸಾಕು ಅನ್ನಿಸಿತ್ತು, ಆಮೇಲೆ ಅದೂ ಫಳ್ಯದ, ಅಂದರೆ ಹಲಗೆಯ, ಮೇಲಿನ ಮಾತು ಎಂದು ತಿಳಿಯಿತು ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ. ಕೊನೆಗೆ ಸೆಟ್ಟರನ ಮುಖ ನೋಡಿ, "ಇದನ್ನ ಅಲ್ಲೇ ಯಾಕೆ ಹೇಳಲಿಲ್ಲ?" ಎಂದು ಕೇಳಿದರು.

ಸೆಟ್ಟರ್ ನೆಲ ನೋಡುತ್ತ ನಿಂತ. ನನ್ನ ಹೆಸರು ಅವನ ಬಾಯಿಂದ ಬರುವುದಿಲ್ಲವೆಂದು ನನಗೆ ತಿಳಿಯಿತು. ಅವನನ್ನು ಮಾತಾಡಲು ಬಿಡದವಳು ನಾನು ಕಾಕಾ, ಅವನ ಮನಸ್ಸಿನಲ್ಲಿ ಏನಿದೆಯೆಂದು ಕೇಳದೆಯೇ ಏನೂ ಇಲ್ಲವೆಂದು ಹೇಳಿಬಿಟ್ಟೆ ಎಂದೆ. ಮರಾಠಿಯಲ್ಲಿ ಹತ್ತು ವರ್ಷ ಪಾಠ ಹೇಳಿದವಳಿಗೆ ಆ ಎರಡು ವಾಕ್ಯ ಹೇಳುವಾಗ ನಾಲಿಗೆ ತೊಡರಿತು.

ಕಾಕಾ ಕೈಯಲ್ಲಿದ್ದ ಈರುಳ್ಳಿ ಕೆಳಗಿಟ್ಟು ನನ್ನ ಕಡೆ ನೋಡಿದರು. "ಬಾಯಿ, ನೀವು ಭಾಳ ಚೆನ್ನಾಗಿ ಕಲಿಸ್ತೀರಿ ಅಂತ ಇವನು ಯಾವಾಗಲೂ ಹೇಳ್ತಿದ್ದ" ಎಂದರು.

ಅಷ್ಟು ಹೇಳಿ ಬುಟ್ಟಿಯ ಕಡೆ ತಿರುಗಿದರು. ಸೆಟ್ಟರ್ ಅವರ ಬಲಗಡೆಗೆ ಹೋಗಿ ಕೂತು ಬುಟ್ಟಿ ಹಿಡಿದುಕೊಂಡ. ನನ್ನ ಬಸ್ಸಿಗೆ ಹೊತ್ತಾಗುವ ತನಕ ಅವರಿಬ್ಬರೂ ಈರುಳ್ಳಿ ಆರಿಸುತ್ತಿದ್ದರು.